ದುರುಗಪ್ಪ ಕೊಟ್ಟ ಅರ್ಧ ಬಾಟಲಿ

ಮೊದಲೇ ಹೇಳಿಬಿಡುತ್ತೇನೆ, ಅರವತ್ತೊಂದು ವರ್ಷದಲ್ಲಿ ನನ್ನ ಬಾಯಿಗೆ ಒಂದು ಹನಿ ಮದ್ಯ ತಾಕಿಲ್ಲ. ಇದನ್ನು ನಾನು ಕೇಳದವರಿಗೂ ಹೇಳುತ್ತೇನೆ, ಕೇಳಿದವರಿಗೆ ಎರಡೆರಡು ಸಲ ಹೇಳುತ್ತೇನೆ ಎಂಬುದು ನನ್ನ ಹೆಂಡತಿ ಕಸ್ತೂರೆಮ್ಮನ ದೂರು. ಇರಲಿ. ಬೆಳಗ್ಗೆ ಎದ್ದು ಸ್ನಾನ, ಲಿಂಗಪೂಜೆ, ಹಣೆಗೆ ಮೂರು ಬೆರಳಿನ ವಿಭೂತಿ, ಆಮೇಲೆ ಮಿಲ್ಲು. ಸಿಂಧನೂರಿನಿಂದ ಮಸ್ಕಿ ರಸ್ತೆ ಹಿಡಿದರೆ ಊರು ದಾಟುತ್ತಲೇ ಕಾಲುವೆಯ ದಂಡೆಗೆ ಕಾಣುವ ರೈಸ್ ಮಿಲ್ಲು ನನ್ನದೇ. ಹಂಪಣ್ಣನ ಮಿಲ್ಲು ಎಂದರೆ ಯಾವ ಆಟೋದವನಾದರೂ ಕರೆದುಕೊಂಡು ಬರುತ್ತಾನೆ, ಬರುವಾಗ ದಾರಿಯುದ್ದಕ್ಕೂ ನನ್ನ ಸಿಟ್ಟಿನ ಕತೆಯನ್ನೂ ಹೇಳುತ್ತಾನೆ.

ಇಂಥ ನಾನು ಹೋದ ವರ್ಷ ವಿಯೆಟ್ನಾಂಗೆ ಹೊರಟೆ. ಅಲ್ಲಿ ಅಕ್ಕಿ ಯಂತ್ರಗಳ ದೊಡ್ಡ ಪ್ರದರ್ಶನವಿದೆ, ಹೋಗಿ ಬರೋಣ ಎಂದು ಹೊರಡಿಸಿದವನು ಲಿಂಗಸುಗೂರಿನ ಜಂಬಣ್ಣ. ಜಂಬಣ್ಣನಿಗೂ ಒಂದು ಮಿಲ್ಲಿದೆ, ಒಂದು ಬಾಯಿಯೂ ಇದೆ. ಎರಡರಲ್ಲಿ ಬಾಯಿಯೇ ದೊಡ್ಡದು.

ಹೊರಡಲು ಮೂರು ದಿನ ಇದ್ದಾಗ ನಮ್ಮ ಆಪರೇಟರ್ ದುರುಗಪ್ಪ ಆಫೀಸಿನ ಬಾಗಿಲಲ್ಲಿ ಬಂದು ನಿಂತ. ಮಸ್ಕಿ ಪಕ್ಕದ ಹಳ್ಳಿಯವನು. ಇಪ್ಪತ್ತಾರು ವರ್ಷದಿಂದ ನನ್ನ ಮಿಲ್ಲು ಓಡುವುದು ಅವನ ಕೈಯಲ್ಲಿ. ಯಂತ್ರ ಕೆಟ್ಟರೆ ನಾನು ಕೂಗಾಡುತ್ತೇನೆ, ಅವನು ರಿಪೇರಿ ಮಾಡುತ್ತಾನೆ. ಹೀಗೆ ಕೆಲಸ ಹಂಚಿಕೊಂಡಿದ್ದೇವೆ.

"ಸಾವ್ಕಾರ್ರ, ಒಂದು ಮಾತೈತ್ರಿ."

"ಸೂಟಿ ಬೇಕೇನಲೇ?"

"ಸೂಟಿ ಅಲ್ರಿ. ನೀವು ತುವಾನನ ದೇಶಕ್ಕ ಹೊಂಟೀರಂತಲ್ರಿ. ಅವಗೊಂದು ಬಾಟ್ಲಿ ಒಯ್ಯಬೇಕ್ರಿ."

"ಎಂಥಾ ಬಾಟ್ಲಿ?"

"ರಮ್ಮಿಂದ್ರಿ" ಎಂದು ನೆಲ ನೋಡಿದ.

ತುವಾನ್ ಯಾರೆಂದು ಹೇಳದಿದ್ದರೆ ನನ್ನ ಸಂಕಟ ನಿಮಗೆ ತಿಳಿಯುವುದಿಲ್ಲ. ಅದಕ್ಕೂ ಎರಡು ವರ್ಷದ ಹಿಂದೆ ಅಕ್ಕಿಯಲ್ಲಿನ ಕರಿಕಾಳನ್ನು ಬೇರ್ಪಡಿಸುವ ಹೊಸ ಯಂತ್ರ ತರಿಸಿದ್ದೆ. ಅದನ್ನು ಕೂಡಿಸಲು ವಿಯೆಟ್ನಾಂನಿಂದ ಬಂದ ಮೆಕ್ಯಾನಿಕ್ ಈ ತುವಾನ್. ಮೂವತ್ತರ ಸಣಕಲು ಮನುಷ್ಯ, ಸದಾ ನಗು. ನಲವತ್ತು ದಿನ ಇದ್ದ. ಅವನಿಗೆ ನಮ್ಮ ಮಾತು ಬರುವುದಿಲ್ಲ, ದುರುಗಪ್ಪನಿಗೆ ಅವನ ಮಾತು ಬರುವುದಿಲ್ಲ. ಆದರೂ ಇಬ್ಬರೂ ಇಡೀ ದಿನ ಹರಟುತ್ತಿದ್ದರು. ಏನು ಹರಟುತ್ತಿದ್ದರೋ ಆ ಶಿವನೇ ಬಲ್ಲ.

ಒಂದು ದಿನ ಓಡುತ್ತಿದ್ದ ಬೆಲ್ಟಿಗೆ ದುರುಗಪ್ಪನ ಹೆಗಲ ಮೇಲಿನ ಟವೆಲ್ ಸಿಕ್ಕಿಕೊಂಡಿತು. ಟವೆಲ್ ಜೊತೆಗೆ ಕೊರಳೂ ಹೋಗುವುದಿತ್ತು. ತುವಾನ್ ಹಾರಿ ಬಂದು ಒಂದು ಕೈಯಿಂದ ಅವನನ್ನು ಎಳೆದು, ಇನ್ನೊಂದು ಕೈಯಿಂದ ಟವೆಲ್ ಬಿಡಿಸಿದ. ದುರುಗಪ್ಪ ಉಳಿದ. ತುವಾನನ ಕಿರುಬೆರಳು ಮುರಿಯಿತು. ಬ್ಯಾಂಡೇಜು ಸುತ್ತಿಕೊಂಡು ಮರುದಿನವೇ ನಗುತ್ತ ಕೆಲಸಕ್ಕೆ ಬಂದ.

ಅವನು ಹೊರಡುವ ದಿನ ಮಧ್ಯಾಹ್ನ ಇಬ್ಬರನ್ನೂ ಹುಡುಕುತ್ತ ಹೋದೆ. ಹೊಟ್ಟಿನ ರಾಶಿಯ ಹಿಂದೆ ಎದುರುಬದುರು ಕೂತಿದ್ದರು. ನಡುವೆ ಒಂದು ಹೊಸ ಬಾಟಲಿ. ಇನ್ನೂ ಮುಚ್ಚಳ ತೆಗೆದಿರಲಿಲ್ಲ. ನನ್ನ ಮಿಲ್ಲಿನೊಳಗೆ! ನೆತ್ತಿಗೆ ಬೆಂಕಿ ಹತ್ತಿದಂತಾಯಿತು. ಬಾಯಿಗೆ ಬಂದಂತೆ ಬೈದು, ಬಾಟಲಿ ಕಿತ್ತುಕೊಂಡು ಗೋಡೆಯಾಚೆ ಕಾಲುವೆಗೆ ಒಗೆದೆ. ತುವಾನ್ ಏನೂ ತಿಳಿಯದೆ ನನ್ನ ಮುಖ ನೋಡಿದ. ದುರುಗಪ್ಪ ನನ್ನ ಮುಖ ನೋಡಲಿಲ್ಲ. ಹಾಗೆಯೇ ತುವಾನ್ ಕಾರು ಹತ್ತಿ ಹೋದ.

ಈಗ ಎರಡು ವರ್ಷದ ಮೇಲೆ ದುರುಗಪ್ಪ ಬಾಯಿ ಬಿಟ್ಟ.

"ನಮ್ಮಾಗ ದೂರ ಹೋಗಾರನ್ನ ಹಂಗ ಕಳಸಂಗಿಲ್ರಿ. ಒಂದ ಬಾಟ್ಲಿ, ಇಬ್ರು. ಮೊದ್ಲ ಹನಿ ದುರುಗವ್ವಗ, ಉಳಿದಿದ್ದು ಅರ್ಧ ಅರ್ಧ. ಪಾಲು ಆಗ್ಲಿಲ್ಲಂದ್ರ ದೋಸ್ತಿ ಅಲ್ಲಿಗೇ ಕಡದಂಗ್ರಿ. ನನ್ನ ಜೀವಾ ಉಳಿಸಿದಾವನ್ನ ನಾ ಬರೇ ಕೈಲೆ ಕಳಿಸೀನ್ರಿ."

"ಲೇ ದುರುಗ್ಯಾ, ಲಿಂಗ ಕಟ್ಟಿದಾವ ನಾ. ನನ್ನ ಬ್ಯಾಗಿನಾಗ ರಮ್ಮು? ಇನ್ನೊಮ್ಮಿ ಈ ಮಾತು ಎತ್ತಬ್ಯಾಡ."

ಅವನು ಎತ್ತಲಿಲ್ಲ. ಆದರೆ ಮನೆಯಲ್ಲಿ ನಾನೇ ಎತ್ತಿದೆ. ನೋಡಿದೆಯಾ ಇವನ ಧೈರ್ಯ ಎಂದು ಕಸ್ತೂರೆಮ್ಮನೆದುರು ಕೂಗಾಡಿದೆ. ಅವಳು ನನ್ನ ಅಂಗಿ ಮಡಚುತ್ತಿದ್ದವಳು ಕೈ ನಿಲ್ಲಿಸಿದಳು.

"ಒಗ್ಯಾಕ ಬರ್ತಿತ್ತು, ಒಯ್ಯಾಕ ಬರಂಗಿಲ್ಲೇನ್ರಿ?"

"ಏನಂದಿ?"

"ಅವತ್ತ ಆ ಮನಷ್ಯಾ ಎಳೀಲಿಲ್ಲಂದ್ರ ದುರುಗಪ್ಪ ಇರ್ತಿದ್ದಿಲ್ಲ. ಬೆರಳು ಮುರಕೊಂಡಾವಗ ನೀವು ಕೊಟ್ಟಿದ್ದು ಬೈಗಳಾ. ನೀವೇನು ಕುಡೀಬ್ಯಾಡ್ರಿ, ಮುಟ್ಟಿಸಿ ಬರ್ರಿ."

ಮೂವತ್ತೈದು ವರ್ಷದ ಸಂಸಾರದಲ್ಲಿ ಒಂದು ಗುಟ್ಟು ಕಲಿತಿದ್ದೇನೆ. ಅವಳು ಅಂಗಿ ಮಡಚುವುದನ್ನು ನಿಲ್ಲಿಸಿ ಮಾತಾಡಿದಳೆಂದರೆ ಆ ಮಾತು ಮುಗಿದ ಹಾಗೆ. ಮರುದಿನ ದುರುಗಪ್ಪನಿಗೆ "ತಗೊಂಡು ಬಾ, ಸಾಯ್ಲಿ" ಎಂದೆ. ಅವನ ಮುಖ ಅರಳಿದ ರೀತಿ ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು, ಯಾಕೆಂದು ಗೊತ್ತಿಲ್ಲ.

ಹೊರಡುವ ದಿನ ಬೆಳಗ್ಗೆ ಹಳೇ ಬಿಸ್ಕೀಟಿನ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಬಂದ. ಒಡೆಯಬಾರದೆಂದು ಡಬ್ಬಿಯ ತುಂಬ ಭತ್ತದ ಹೊಟ್ಟು ತುಂಬಿದ್ದ. ಹೊಟ್ಟು ಸರಿಸಿ ನೋಡುತ್ತೇನೆ, ಬಾಟಲಿ ಅರ್ಧ ಖಾಲಿ!

"ಇದೇನಲೇ, ಅರ್ಧಾ ಎಲ್ಲಿ ಹೋತು?"

"ನಿನ್ನಿ ದುರುಗವ್ವನ ಗುಡಿಗೆ ಹೋಗಿ ಮೊದ್ಲ ಹನಿ ಬಿಟ್ಟು, ನನ್ನ ಪಾಲು ನಾ ಮುಗಿಸೀನ್ರಿ. ಇದು ಅವನ ಪಾಲು. ಅಳತಿ ಬರೋಬ್ಬರಿ ಐತ್ರಿ, ಗೆರಿ ಹಾಕೀನಿ ನೋಡ್ರಿ" ಎಂದು ಬಾಟಲಿಯ ಮೇಲೆ ಪೆನ್ನಿನಿಂದ ಎಳೆದ ಗೀಟು ತೋರಿಸಿದ.

ಕಸ್ತೂರೆಮ್ಮ ಒಯ್ಯಿರಿ ಎಂದವಳೇ ಹೊರತು ಒಳಗೆ ತನ್ನಿ ಎಂದವಳಲ್ಲ. ನಮ್ಮ ಮನೆಯಲ್ಲಿ ದೂರದ ಪ್ರಯಾಣದ ಚೀಲಗಳನ್ನು ದೇವರ ಜಗಲಿಯ ಮುಂದಿಟ್ಟು ಕುಂಕುಮ ಹಚ್ಚಿ ಕಾಯಿ ಒಡೆಯುವ ಪದ್ಧತಿ. ಅವಳು ಕಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದ ಚೀಲವನ್ನು ಜಗಲಿಯ ಮುಂದಿಟ್ಟಳು. ಬಾಟಲಿಗೆ ಬೇರೆಯದೇ ಚೀಲ ಕೊಟ್ಟು ಕಟ್ಟೆಯ ಮೇಲೆ ಇಡಿಸಿದಳು. ಕಾಯಿ ಒಡೆದ ಮೇಲೆ ಏನನ್ನಿಸಿತೋ, ಹೊರಗೆ ಬಂದು ಆ ಚೀಲಕ್ಕೂ ದೂರದಿಂದಲೇ ಎರಡು ಅಕ್ಕಿಕಾಳು ಎಸೆದಳು. ಹೀಗೆ ಎರಡು ಚೀಲ ಹೊತ್ತುಕೊಂಡು ನಾನು, ಜಂಬಣ್ಣ ಹೈದರಾಬಾದಿನ ದಾರಿ ಹಿಡಿದೆವು.

ವಿಮಾನ ನಿಲ್ದಾಣದಲ್ಲಿ ಚೀಲ ಒಪ್ಪಿಸುವ ಕೌಂಟರಿನ ಹುಡುಗಿ, ಒಳಗೇನಿದೆ ಎಂದು ನಗುತ್ತ ಕೇಳಿದಳು. ನಾನು ಸುಳ್ಳು ಹೇಳುವವನಲ್ಲ. ನಮ್ಮ ಗಡಿನಾಡಿನ ತೆಲುಗಿನಲ್ಲಿ, ಒಂದರಲ್ಲಿ ರೊಟ್ಟಿ, ಒಂದರಲ್ಲಿ ರಮ್ಮು ಎಂದೆ. ಅವಳು ನನ್ನ ಹಣೆಯ ವಿಭೂತಿ ನೋಡಿದಳು. ಪರವಾಗಿಲ್ಲ, ಬಾಟಲಿ ಒಯ್ಯಬಹುದು, ಅಂಗಡಿಯ ಸೀಲ್ ಹಾಗೇ ಇದೆ ತಾನೇ ಎಂದಳು. ನಾನು ಡಬ್ಬಿ ತೆರೆದೆ. ಹೊಟ್ಟು ಕೌಂಟರಿನ ಮೇಲೆಲ್ಲ ಚೆಲ್ಲಿತು. ಅವಳ ಕೀಲಿಮಣೆಯೊಳಗೂ ಹೋಯಿತು. ಅರ್ಧ ಬಾಟಲಿ ಎದ್ದು ನಿಂತಿತು.

ಸೀಲ್ ಒಡೆದ ಬಾಟಲಿ ವಿಮಾನಕ್ಕೆ ಹತ್ತುವುದಿಲ್ಲವಂತೆ. ಚೀಲದಲ್ಲೂ ಇಲ್ಲ, ಕೈಯಲ್ಲೂ ಇಲ್ಲ.

"ಉಳಿದಿದ್ದು ಯಾರು ಕುಡಿದರು ಸರ್?" ಎಂದಳು.

"ನಾನಂತೂ ಅಲ್ಲಮ್ಮಾ!" ಎಂದು ನಾನು ಕೂಗಿದ್ದು ಸಾಲಿನ ಕೊನೆಯವರೆಗೂ ಕೇಳಿಸಿತು. ಸಾಲು ನಕ್ಕಿತು. ಜಂಬಣ್ಣ ಎಲ್ಲರಿಗಿಂತ ಹೆಚ್ಚು ನಕ್ಕ. ನನಗೆ ಸಿಟ್ಟು ಏರಿತು. ಇದು ದೇವಿಯ ಮುಂದೆ ಒಡೆದದ್ದು, ಒಂದು ಲೆಕ್ಕಕ್ಕೆ ಪ್ರಸಾದ, ಇದನ್ನು ತಡೆಯುವುದು ಸರಿಯಲ್ಲ ಎಂದು ವಾದಿಸಿದೆ. ರಮ್ಮಿನ ಪರವಾಗಿ ನಾನು ವಾದಿಸುತ್ತೇನೆಂದು ಯಾರಾದರೂ ಹೇಳಿದ್ದರೆ ಅವರ ಮೇಲೆ ಕೈ ಮಾಡುತ್ತಿದ್ದೆ.

"ಪ್ರಸಾದಕ್ಕೂ ಸೀಲ್ ಬೇಕು ಸರ್" ಎಂದಳು ಹುಡುಗಿ, ಹೊಟ್ಟು ಊದುತ್ತ.

ಮೂಲೆಯಲ್ಲಿ ನಿಂತು ದುರುಗಪ್ಪನಿಗೆ ಫೋನ್ ಮಾಡಿದೆ. ಹಿಂದೆ ಮಿಲ್ಲಿನ ಸದ್ದು. ವಿಷಯ ಹೇಳಿದೆ.

"ಒಡೀಬಾರ್ದಂತ ನನಗೇನು ಗೊತ್ರಿ. ಒಡೀದ ಕೊಟ್ರ ಅದು ಅಂಗಡಿಯಾವಂದು ಆಕ್ಕೈತಿ, ನಮ್ದು ಹೆಂಗಾಕ್ಕೈತ್ರಿ?"

"ಅಳಬ್ಯಾಡ. ಒಳಗ ಅಂಗಡಿ ಅದಾವಂತ, ಹೊಸಾದು ತಗೊಂಡು ಒಯ್ತೀನಿ."

"ಹೊಸಾದಂದ್ರ ಹೊಸಾ ಪಾಲು ಆಕ್ಕೈತ್ರಿ. ಅರ್ಧಾ ತುವಾನಂದು. ಇನ್ನ ಅರ್ಧಾ..." ಎಂದು ತಡೆದು, "ನನ್ನ ಬದ್ಲಿ ನೀವ ಕುಡೀರಲ್ರಿ ಸಾವ್ಕಾರ್ರ" ಎಂದ.

ನಾನು ಏನೇನು ಅಂದೆನೋ ಬರೆಯುವುದು ಬೇಡ. ಎಲ್ಲ ಕೇಳಿಸಿಕೊಂಡು ಅವನು ಮೆಲ್ಲಗೆ, "ಹೌದ್ರಿ, ತಪ್ಪಾತ್ರಿ. ಬಿಡ್ರಿ ಹಂಗಾದ್ರ" ಎಂದು ಫೋನಿಟ್ಟ. ಆ 'ಬಿಡ್ರಿ' ನನ್ನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಅರ್ಧ ಬಾಟಲಿಯನ್ನು ಕೌಂಟರಿನ ಪಕ್ಕದ ಬುಟ್ಟಿಗೆ ಹಾಕಿದೆ. ಆ ಇಬ್ಬರ ಬಾಟಲಿಯನ್ನು ನಾನು ಎರಡನೇ ಸಲ ಎಸೆದಂತಾಯಿತು.

ತಪಾಸಣೆ ಮುಗಿಸಿ ಒಳಗೆ ಹೋದರೆ ಮದ್ಯದ ಅಂಗಡಿ ಮದುವೆ ಮಂಟಪದಂತೆ ಝಗಝಗಿಸುತ್ತಿತ್ತು. ಒಳಗೆ ಕಾಲಿಡುವ ಮುಂಚೆ ಹಣೆ ಒರೆಸಿಕೊಳ್ಳಲೇ ಎಂದು ಒಂದು ಕ್ಷಣ ಅನ್ನಿಸಿತು. ಒರೆಸಿಕೊಳ್ಳಲಿಲ್ಲ. ವಿಭೂತಿ ಮುಚ್ಚಿ ಮಾಡುವ ಕೆಲಸವಾದರೆ ಮಾಡಲೇಬಾರದು. ಅಂಗಡಿಯವನು ಓಡಿ ಬಂದು ಸಣ್ಣ ಲೋಟದಲ್ಲಿ ಏನೋ ಹಿಡಿದು, ರುಚಿ ನೋಡಿ ಸರ್ ಎಂದ. ನಾನು ಹಾವು ಕಂಡವನಂತೆ ಹಿಂದೆ ಹಾರಿದೆ. ಬಿಳಿಯದೋ ಕೆಂಪೋ, ಮಸಾಲೆಯದೋ ಎಂದು ಕೇಳತೊಡಗಿದ. "ಕೆಂಪಂದು ಕೊಡಪ್ಪಾ, ಸೀಲ್ ಗಟ್ಟಿ ಇರ್ಲಿ" ಎಂದೆ. ಅವನು ಬಾಟಲಿಯನ್ನು ಚೀಲಕ್ಕೆ ಹಾಕಿ, ಚೀಲಕ್ಕೂ ಸೀಲ್ ಹಾಕಿಕೊಟ್ಟ. ತಿರುಗಿದರೆ ಜಂಬಣ್ಣ ಫೋನು ಹಿಡಿದು ನಿಂತಿದ್ದಾನೆ. ವಿಮಾನ ಹತ್ತುವುದರೊಳಗೆ ನಮ್ಮ ಮಿಲ್ ಮಾಲೀಕರ ಗ್ರೂಪಿನಲ್ಲಿ ನನ್ನ ಫೋಟೋ ಬಂದಿತ್ತು. ಕೆಳಗೆ, 'ಹಂಪಣ್ಣೋರು ಹೊಸಾ ಮಷಿನ್ ನೋಡಾಕತ್ತಾರ' ಎಂಬ ಸಾಲು. ಸಿಂಧನೂರು, ಮಸ್ಕಿ, ಲಿಂಗಸುಗೂರು, ಮೂರೂ ಊರಿನಿಂದ ಕೈಮುಗಿಯುವ ಚಿತ್ರಗಳು ಬಂದು ಬಿದ್ದವು.

ಪ್ರದರ್ಶನ ನೋಡಿ ಮುಗಿಸಿದ ಮೂರನೇ ದಿನ ತುವಾನ್ ಹೋಟೆಲಿಗೆ ಬಂದ. ನನ್ನನ್ನು ಕಂಡವನೇ ಎರಡೂ ಕೈ ಚಾಚಿ, "ಬಾ ಬೇ! ಬಾ ಬೇ!" ಎಂದು ಕೂಗಿದ. ದುರುಗಪ್ಪ ಕಲಿಸಿದ ಕನ್ನಡ. ಅದು ತುಂಬ ಮರ್ಯಾದೆಯ ಮಾತೆಂದು ಅವನು ನಂಬಿದ್ದ. ಜಂಬಣ್ಣ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಕಾಲುವೆಗೆ ಬಾಟಲಿ ಒಗೆದವನನ್ನು ಯಾರಾದರೂ ಹೀಗೆ ಕರೆಯುತ್ತಾರೆಯೇ? ಜಂಬಣ್ಣನನ್ನು ಬೇಕೆಂದೇ ಅಲ್ಲಿಯೇ ಬಿಟ್ಟು ತುವಾನನ ಜೊತೆ ಹೊರಟೆ.

ತುವಾನನ ಊರು ಮೂರು ತಾಸಿನ ದಾರಿ. ದಾರಿಯುದ್ದಕ್ಕೂ ಕಾಲುವೆ, ಗದ್ದೆ, ಭತ್ತ ತುಂಬಿದ ಲಾರಿ, ಥೇಟ್ ನಮ್ಮ ಕಡೆಯ ಹಾಗೆಯೇ. ಅವನ ಮನೆಯ ಹಿಂದೆಯೂ ಒಂದು ಕಾಲುವೆ. ಹೋದೊಡನೆ ಬಾಟಲಿ ಕೊಟ್ಟೆ. ದುರುಗಪ್ಪ ಕಳಿಸಿದ್ದು ಎಂದೆ. 'ದುರುಗಪ್ಪ' ಎಂಬ ಒಂದು ಶಬ್ದ ಅವನಿಗೆ ಸಾಕಾಯಿತು. ಬಾಟಲಿಯನ್ನು ಎದೆಗೆ ಒತ್ತಿಕೊಂಡು ಒಳಗೆ ಹೋದ.

ಒಳಗೆ ಗೋಡೆಯ ಎತ್ತರದ ಹಲಗೆಯ ಮೇಲೆ ಒಬ್ಬ ಮುದುಕರ ಫೋಟೋ, ಮುಂದೆ ಊದುಬತ್ತಿ. ತುವಾನ್ ಮುಚ್ಚಳ ತಿರುವಿ ಮೊದಲು ಒಂದು ಪುಟ್ಟ ಬಟ್ಟಲು ತುಂಬಿಸಿ ಫೋಟೋದ ಮುಂದಿಟ್ಟು ಕೈಮುಗಿದ. ಫೋನಿಗೆ ಏನೋ ಹೇಳಿದ. ಫೋನು ಕನ್ನಡ ಮಾತಾಡಿತು: "ಮಾನ್ಯರೇ, ಇವರು ನನ್ನ ತಂದೆ. ಅವರು ಮೊದಲು ಕುಡಿಯುತ್ತಾರೆ."

ಮಸ್ಕಿಯ ಹತ್ತಿರದ ದುರುಗವ್ವನ ಗುಡಿಯಿಂದ ಈ ಹಲಗೆಗೆ ಎಷ್ಟು ಸಾವಿರ ಮೈಲಿ! ಈ ಪದ್ಧತಿ ತಿಳಿಯದವನು ಆ ಹೊಟ್ಟಿನ ರಾಶಿಯ ಹಿಂದೆ ನಾನೊಬ್ಬನೇ ಇದ್ದೆನಲ್ಲ ಎಂದು ನಾಚಿಕೆಯಾಯಿತು.

ಆಮೇಲೆ ಎರಡು ಲೋಟಕ್ಕೆ ಸುರಿದ. ಒಂದನ್ನು ತಾನು ಹಿಡಿದು, ಇನ್ನೊಂದನ್ನು ನನ್ನ ಕೈಯಲ್ಲಿಟ್ಟ. ಮತ್ತೆ ಫೋನು ಹೇಳಿತು: "ಇದು ನನ್ನ ಗೆಳೆಯನ ಲೋಟ. ಅವನು ಬಂದಿಲ್ಲ. ನೀವು ಅವನಾಗಿ ಕುಡಿಯಿರಿ."

ಲೋಟದ ವಾಸನೆ ಮೂಗಿಗೆ ಬಡಿಯಿತು. ಕುಡಿದರೆ ನನ್ನ ನೇಮ ಹೋಗುತ್ತದೆ. ಕುಡಿಯದಿದ್ದರೆ ಆ ಇಬ್ಬರ ಪಾಲು ಮೂರನೇ ಸಲ ಹಾಳಾಗುತ್ತದೆ. ತುವಾನ್ ಮುರಿದ ಕಿರುಬೆರಳಿನ ಕೈಯಲ್ಲಿ ಲೋಟ ಎತ್ತಿ ಹಿಡಿದು ಕಾಯುತ್ತಿದ್ದ. ನಾನು 'ಒಂದು ನಿಮಿಷ' ಎಂದು ಬೆರಳು ತೋರಿಸಿ, ದುರುಗಪ್ಪನಿಗೆ ವಿಡಿಯೋ ಫೋನ್ ಹಚ್ಚಿದೆ. ಅಲ್ಲಿನ್ನೂ ನಾಲ್ಕು ಗಂಟೆ. ತಲೆಯ ತುಂಬ ತೌಡು ಹತ್ತಿದ ಮುಖ ಕಾಣಿಸಿತು. ಪಕ್ಕಕ್ಕೆ ತುವಾನ್ ಬಂದದ್ದೇ ತಡ, ಇಬ್ಬರೂ ಒಂದೇ ಸಮನೆ ಕೂಗತೊಡಗಿದರು, ಅವನು ಅವನ ಭಾಷೆಯಲ್ಲಿ, ಇವನು ಇವನ ಭಾಷೆಯಲ್ಲಿ. ಮಿಲ್ಲಿನ ಸದ್ದಿನಲ್ಲಿ ಎರಡೂ ಕೇಳಿಸಲಿಲ್ಲ.

"ಮಷಿನ್ ಬಂದ್ ಮಾಡು!" ಎಂದು ಕಿರುಚಿದೆ.

"ಏನ್ರಿ?"

"ಮಿಲ್ಲು ಬಂದ್ ಮಾಡಲೇ! ನಿನ್ನ ಪಾಲು ನೀನ ಕುಡಿ. ನನ್ನ ಕೈಲೆ ಆಗಂಗಿಲ್ಲ. ಹೋಗಿ ಒಂದು ಬಾಟ್ಲಿ ತಗೊಂಡು ಬಾ, ನಾವು ಕಾಯ್ತೀವಿ."

ಮಿಲ್ಲು ನಿಂತಿತು. ಒಮ್ಮೆಲೇ ನಿಶ್ಶಬ್ದ. ದುರುಗಪ್ಪ ತಲೆ ಕೆರೆದ.

"ಬಾಟ್ಲಿ ತರಾಕ ಹೋಗೂದು ಬ್ಯಾಡ್ರಿ... ಇಲ್ಲೇ ಐತ್ರಿ. ಹೊಟ್ಟಿನ ರಾಶಿ ಹಿಂದ."

"ನನ್ನ ಮಿಲ್ಲಿನಾಗ?!"

"ಒಂದ ಐತ್ರಿ. ತುವಾನ ಎಂದರ ಬಂದ್ರ ಅಂತ ಇಟ್ಟಿದ್ದೆ. ಒಡದಿಲ್ರಿ ಇನ್ನಾ."

ಬೈಯಲು ಬಾಯಿ ತೆರೆದವನು ಮುಚ್ಚಿದೆ. "ತಗೊಂಡು ಆಫೀಸಿಗೆ ಬಾ" ಎಂದೆ. ಫೋನು ಹಿಡಿದುಕೊಂಡೇ ಓಡಿದ. ನೆಲ, ಆಕಾಶ, ಹೊಟ್ಟು ಎಲ್ಲ ಕಂಡವು. ಆಫೀಸಿನಲ್ಲಿ ನನ್ನ ಮೇಜಿನ ಮೇಲೆ ಫೋನು ಒರಗಿಸಿ, ಬಾಟಲಿ ಹಿಡಿದು ದೂರ ನಿಂತ. ಮುಖ ಕಾಣಿಸುತ್ತಿರಲಿಲ್ಲ, ಬರೀ ಹೊಟ್ಟೆ ಕಾಣಿಸುತ್ತಿತ್ತು.

"ಕುಂದ್ರು. ಮಾರಿ ಕಾಣವಲ್ದು."

"ಎಲ್ಲಿ ಕುಂದ್ರಲ್ರಿ?"

"ನನ್ನ ಕುರ್ಚಿ ಮ್ಯಾಲ."

"ಬ್ಯಾಡ್ರಿ ಸಾವ್ಕಾರ್ರ. ಬಗ್ಗಿ ನಿಂದರ್ತೀನಿ."

"ದುರುಗಪ್ಪ, ಕುಂದ್ರು. ಅವತ್ತ ನಿಮ್ಮಿಬ್ರನ್ನ ಎಬ್ಬಿಸಿದಾವ ನಾನ. ತಪ್ಪಾತು. ಇವತ್ತ ನಾನ ಕುಂಡರಸ್ತೀನಿ, ಕುಂದ್ರು."

ಅವನು ನಂಬದವನಂತೆ ನೋಡಿ, ಕುರ್ಚಿಯ ತುದಿಗೆ ಸರಿದು ಕೂತ. ಈಗ ಮುಖ ಕಾಣಿಸಿತು. ಕಣ್ಣು ತುಂಬಿದ್ದವು. ನೆಲಕ್ಕೆ ಒಂದು ಹನಿ ಬಿಟ್ಟು, ಬಾಟಲಿ ಎತ್ತಿದ. ಇಲ್ಲಿ ತುವಾನ್ ಲೋಟ ಎತ್ತಿ ಫೋನಿನ ಗಾಜಿಗೆ ಟಕ್ ಎಂದು ತಾಕಿಸಿದ. ಇಬ್ಬರೂ ಕುಡಿದರು. ನನ್ನ ಕೈಯಲ್ಲಿದ್ದ ಲೋಟವನ್ನೂ ತುವಾನನೇ ತೆಗೆದುಕೊಂಡು ಮುಗಿಸಿದ. ನನಗೆ ಯಾಕೋ ಬಾಯಿ ತುಂಬ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಸ್ವಲ್ಪ ಹೊತ್ತಿಗೆ ದುರುಗಪ್ಪ ಕುರ್ಚಿಯಲ್ಲಿ ಮಿಸುಕಾಡತೊಡಗಿದ.

"ಏನಾತು?"

"ಏನಿಲ್ರಿ. ನಿಮ್ಮ ಕುರ್ಚಿ ಭಾಳ ಎತ್ತರ ಐತ್ರಿ. ಕಾಲು ನೆಲಕ್ಕ ಹತ್ತವಲ್ವು."

"ಬಲಗಡೆ ಕೆಳಗ ಒಂದು ಹಿಡಿಕಿ ಐತಿ ನೋಡು. ಮ್ಯಾಕ ಎತ್ತು, ಇಳೀತದ."

ಕೈ ಹಾಕಿ ತಡಕಾಡಿದ. ಕುರ್ಚಿ ಬುಸ್ಸೆಂದು ಇಳಿಯಿತು. "ಇಲ್ಲೊಂದು ಹಿಡಿಕಿ ಐತಂತ ಗೊತ್ತ ಇರಲಿಲ್ರಿ!" ಎಂದು ಮಗುವಿನಂತೆ ನಕ್ಕ.

ನನ್ನ ಮಿಲ್ಲಿನ ಒಂದೊಂದು ಬೋಲ್ಟನ್ನೂ ಕಣ್ಣು ಮುಚ್ಚಿ ಬಿಚ್ಚಿ ಕೂಡಿಸುವವನು ಅವನು. ಇಪ್ಪತ್ತಾರು ವರ್ಷದಲ್ಲಿ ಆ ಒಂದು ಹಿಡಿಕೆ ಮಾತ್ರ ಅವನ ಕೈಗೆ ಸಿಕ್ಕಿರಲಿಲ್ಲ, ಯಾಕೆಂದರೆ ಕುಂದ್ರು ಎಂದು ನಾನು ಒಮ್ಮೆಯೂ ಹೇಳಿರಲಿಲ್ಲ.